ಸುಬ್ರಮಣಿಯ ಮೈಕ್ ಟೆಸ್ಟ್

ಸುಬ್ರಮಣಿ ಒಂದು ಕಡೆ ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಅಟ್ಟೂರಿಗೆ ಹೋಗುವ ರಸ್ತೆಯಲ್ಲಿ ಒಂದೇ ಗೋಡೆಯ ಆಚೆ ಈಚೆ ನಮ್ಮಿಬ್ಬರ ಅಂಗಡಿ. ನಾನು ಕಾರಿನ ಸೀಟಿಗೆ ಕವರ್ ಹೊಲಿಯುವವನು. ಮುನಿಗಂಗಪ್ಪ ಅಂದರೆ ಯಲಹಂಕದ ಹಳಬರಿಗೆಲ್ಲ ಗೊತ್ತು. ನನ್ನದು ಮೆಷಿನ್ ಮುಂದೆ ಕೂತು ಮಾಡುವ ಕೆಲಸ. ಅವನದು ಕಾರಿನೊಳಗೆ ತಲೆಕೆಳಗಾಗಿ ತೂರಿಕೊಂಡು ಮಾಡುವ ಕೆಲಸ. ಹಳೆಯ ಸಿ.ಡಿ. ಪ್ಲೇಯರ್ ಕಿತ್ತು, ಆ ಜಾಗಕ್ಕೆ ದೊಡ್ಡ ಟಚ್ ಸ್ಕ್ರೀನ್ ಕೂರಿಸಿ, ಗಿರಾಕಿಯ ಮೊಬೈಲನ್ನು ಅದಕ್ಕೆ ಜೋಡಿಸಿಕೊಡುತ್ತಾನೆ. ಆಮೇಲೆ ಮೊಬೈಲಿನ ಮ್ಯಾಪು, ಹಾಡು, ಫೋನು ಎಲ್ಲ ಕಾರಿನ ಪರದೆಯ ಮೇಲೇ ಬರುತ್ತವೆ. ಕೆಲಸ ಮುಗಿದ ಮೇಲಾದರೂ ಸ್ಟೂಲಿನ ಮೇಲೆ ಒಂದು ನಿಮಿಷ ಕೂರುತ್ತಾನಾ ಅಂದರೆ, ಊಹ್ಞೂಂ. ಅಂಡು ಸುಟ್ಟ ಬೆಕ್ಕಿನ ಹಾಗೆ ರಸ್ತೆಗೂ ಅಂಗಡಿಗೂ ತಿರುಗುತ್ತಲೇ ಇರುತ್ತಾನೆ. ಟೀ ಕುಡಿಯುವುದೂ ನಡೆದಾಡಿಕೊಂಡೇ.

"ಲೋ ಸುಬ್ಬು, ನಿನ್ನ ನೋಡ್ತಾ ಇದ್ರೆ ನಂಗೆ ತಲೆ ಸುತ್ತು ಬರ್ತೈತೆ. ಒಂದ್ ಗಳಿಗೆ ಕೂತ್ಕೊಳೋ" ಅಂತ ನಾನು ಬೈದರೆ, "ಕೂತ್ರೆ ಕೆಟ್ಟೆ ಗಂಗಣ್ಣ" ಅನ್ನುತ್ತಾನೆ. ಆ ಮಾತು ಮುಗಿಯುವಷ್ಟರಲ್ಲಿ ಟೀ ಅಂಗಡಿ ದಾಟಿರುತ್ತಾನೆ.

ಅವನು ಹೇಳುವುದರಲ್ಲಿ ಸುಳ್ಳೂ ಇಲ್ಲ. ಯಶವಂತಪುರದ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಟೇಪ್ ರೆಕಾರ್ಡರ್ ಬಿಚ್ಚುವುದನ್ನು ಕಲಿತವನು. ಕಲಿತು ಕೈ ಕುದುರುವ ಹೊತ್ತಿಗೆ ಕ್ಯಾಸೆಟ್ ಹೋಯಿತು, ಸಿ.ಡಿ. ಬಂತು. ಅದು ಹೋಗಿ ಪೆನ್‌ಡ್ರೈವ್ ಬಂತು, ಬ್ಲೂಟೂತ್ ಬಂತು, ಈಗ ಈ ಟಚ್ ಸ್ಕ್ರೀನ್. ಪ್ರತಿ ಸಲವೂ ಮೊದಲಿನಿಂದ ಕಲಿಯಬೇಕು. ಈಗ ಹೊಸ ಕಾರುಗಳಿಗೆಲ್ಲ ಕಂಪನಿಯವರೇ ಪರದೆ ಹಾಕಿ ಕಳಿಸುತ್ತಾರೆ. ಇವನ ಪಾಲಿಗೆ ಉಳಿದಿರುವುದು ಹಳೆಯ ಗಾಡಿಗಳು, ಅದರಲ್ಲೂ ಟ್ಯಾಕ್ಸಿಗಳು. ಮನೆಯಲ್ಲಿ ಮಕ್ಕಳಿಲ್ಲ, ಗಂಡ ಹೆಂಡತಿ ಇಬ್ಬರೇ. ಆದರೂ ಹೊಟ್ಟೆ ಹೊಟ್ಟೆಯೇ ಅಲ್ಲವೇ?

ಹೆಂಡತಿ ಸರಳಾ. ಅವಳ ವಿಷಯ ಹೇಳದೆ ಇವನ ಕಸುಬಿನ ವಿಷಯ ಹೇಳುವುದಕ್ಕೆ ಆಗುವುದಿಲ್ಲ. ಬ್ಲೂಟೂತ್ ಹೊಸದಾಗಿ ಬಂದಾಗ, ಕಾರಿನಲ್ಲಿ ಕೂತವನು ಫೋನ್ ಕೈಗೆತ್ತಿಕೊಳ್ಳದೆ ಮಾತಾಡಲಿ ಅಂತ ಸುಬ್ರಮಣಿ ಮೊದಲ ಸಲ ಒಂದು ಮೈಕ್ ಕೂರಿಸಿದ. ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಯಾರಿಗಾದರೂ ಫೋನ್ ಮಾಡಬೇಕಲ್ಲ, ಸರಳಾಗೆ ಮಾಡಿದ. "ಸರಳಾ, ಕೈಯಲ್ಲಿ ಫೋನೇ ಇಲ್ಲ ಕಣೇ! ಬರೀ ಬಾಯಲ್ಲೇ ಮಾತಾಡ್ತಿದೀನಿ!" ಅಂತ ಕೂಗಾಡಿದ್ದು ನನ್ನ ಮೆಷಿನ್ ಸದ್ದನ್ನೂ ಮೀರಿ ಕೇಳಿಸಿತ್ತು. ಅವಳು ಆ ಕಡೆಯಿಂದ ನಕ್ಕಿದ್ದು ಕಾರಿನ ನಾಲ್ಕೂ ಸ್ಪೀಕರಿನಲ್ಲಿ ಬಂತು. ಅವತ್ತಿನಿಂದ ಅದೇ ಪದ್ಧತಿಯಾಯಿತು. ಯಾವ ಗಾಡಿಗೆ ಮೈಕ್ ಹಾಕಿದರೂ ಸರಳಾಗೆ ಒಂದು ಕಾಲ್. ಮೊದಮೊದಲು ಅಡುಗೆ ಏನು, ನೀರು ಬಂತಾ, ನಿಮ್ಮಮ್ಮ ಫೋನ್ ಮಾಡಿದ್ದರಾ ಅಂತೆಲ್ಲ ನಡೆಯುತ್ತಿತ್ತು. ಗಿರಾಕಿಗಳು ಕಾರಿನೊಳಗೆ ಕೂತು ನಗುತ್ತಿದ್ದರು. ಬರಬರುತ್ತಾ ಅವಸರ ಜಾಸ್ತಿಯಾಗಿ ಎರಡೇ ಮಾತು ಉಳಿದವು. ಇವನು "ಕೇಳಿಸ್ತಾ?" ಅನ್ನುವುದು, ಅವಳು "ಕೇಳಿಸ್ತು ರೀ, ಕ್ಲಿಯರ್ ಆಗೈತೆ" ಅನ್ನುವುದು. ಅವಳು ಹಾಗಂದರೆ ಮುಗಿಯಿತು, ಗಾಡಿ ಆಚೆಗೆ.

ಹೀಗಿರುವಾಗ ಸಂಗಮೇಶ ಬಂದ. ಬಾಗಲಕೋಟೆ ಕಡೆಯವನು, ಚಿಕ್ಕಬಾಣಾವರದಲ್ಲಿ ಮನೆ, ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುವ ವ್ಯವಹಾರ. ತನ್ನ ಎಲ್ಲ ಗಾಡಿಗಳಿಗೂ ಪರದೆ, ಮೈಕ್ ಹಾಕಿಸುತ್ತೇನೆ ಅಂದ. ಸುಬ್ರಮಣಿಗೆ ಆಕಾಶ ಮೂರೇ ಗೇಣು. ನೋಡುವುದಕ್ಕೆ ನೀಟಾಗಿರಲಿ ಅಂತ ಮೈಕನ್ನು ಕಣ್ಣಿಗೆ ಕಾಣದ ಹಾಗೆ ಸ್ಟೀರಿಂಗ್ ಹಿಂದಿನ ಸಂದಿಯಲ್ಲಿ ಅಡಗಿಸಿ ಕೂರಿಸತೊಡಗಿದ. ಸರಳಾ ಕ್ಲಿಯರ್ ಅಂದಳು. ಗಾಡಿಗಳು ಹೋದವು. ಹೋದ ಗಾಡಿಗಳೆಲ್ಲ ಒಂದೊಂದಾಗಿ ವಾಪಸ್ ಬರತೊಡಗಿದವು.

"ಏನ್ರೀ ಸುಬ್ರಮಣಿ, ನಮ್ಮ ಡ್ರೈವರು ಬಾವಿಯೊಳಗ ನಿಂತು ಮಾತಾಡಿದಂಗ ಕೇಳಸ್ತೈತಂತ" ಅಂದ ಸಂಗಮೇಶ. "ಪ್ಯಾಸೆಂಜರು ಸಿಟ್ಟಿಗೆದ್ದು ಬುಕಿಂಗ್ ಕ್ಯಾನ್ಸಲ್ ಮಾಡಾಕತ್ತಾರ. ಇನ್ನೊಂದ್ ಗಾಡಿ ಹಿಂಗ ವಾಪಸ್ ಬಂತಂದ್ರ ನಾ ಬ್ಯಾರೆ ಕಡೆ ನೋಡ್ಕೊಂತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಆಮೇಲೆ ಸುಬ್ರಮಣಿಯನ್ನು ನೋಡಬೇಕಿತ್ತು. ಮೊದಲೇ ಕಾಲಿಗೆ ಚಕ್ರ ಕಟ್ಟಿಕೊಂಡವನು, ಈಗ ಗಾಳಿ ಹೊಕ್ಕವನ ಹಾಗಾದ. ಎಸ್.ಪಿ. ರಸ್ತೆಗೆ ಓಡಿಹೋಗಿ, ಮಾಲು ಕೊಡುವ ರಿಯಾಜ್ ಜೊತೆ ಜಗಳ ಆಡಿಬಂದ. "ಭಾಯ್, ಎಲ್ಲರಿಗೂ ಇದೇ ಮೈಕ್ ಕೊಡೋದು, ನಿನಗೊಬ್ಬನಿಗೇ ಯಾಕೆ ಕಂಪ್ಲೇಂಟು?" ಅಂದನಂತೆ ರಿಯಾಜ್. ಅಲ್ಲಿಂದ ಬಂದವನು ವೈರ್ ಬದಲಾಯಿಸಿದ. ನೆಟ್‌ವರ್ಕ್ ಸರಿಯಿಲ್ಲ ಅಂದ. ಡ್ರೈವರುಗಳಿಗೆ ಬಾಯಿ ಬಿಟ್ಟು ಮಾತಾಡಲು ಬರುವುದಿಲ್ಲ ಅಂದ. ಒಂದು ಮಧ್ಯಾಹ್ನ ತಲೆಯ ಮೇಲೆ ಏರ್‌ಫೋರ್ಸಿನ ವಿಮಾನ ಗುಡುಗಿಕೊಂಡು ಹೋಯಿತು. ಸ್ಕ್ರೂಡ್ರೈವರ್ ಮೇಲೆತ್ತಿ ತೋರಿಸಿ, "ನೋಡಿದ್ರಾ ಅಣ್ಣ? ಅವರ ಸಿಗ್ನಲ್ಲು ನಮ್ ಮೈಕ್‌ಗೆ ಹೊಡೀತೈತೆ" ಅಂದ.

"ಅಲ್ಲಯ್ಯಾ, ದೇಶ ಕಾಯೋರಿಗೆ ನಿನ್ನ ಮೈಕ್ ಕೆಡಿಸೋದೇ ಕೆಲಸಾನಾ?" ಅಂದೆ ನಾನು. ಏರ್‌ಫೋರ್ಸಿನ ನೆಲೆ ಪಕ್ಕದಲ್ಲೇ ಇರುವ ನಮ್ಮ ಯಲಹಂಕದವರ ಚಾಳಿ ಇದು. ಟಿ.ವಿ. ಕೆಟ್ಟರೂ ವಿಮಾನ, ಹಾಲು ಒಡೆದರೂ ವಿಮಾನ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ಎಲ್ಲಾರ್ನೂ ಬೈದಾಯ್ತು. ಮೈಕ್ ಕೂರಿಸಿರೋ ಜಾಗ ಸರಿಗೈತಾ ಅಂತ ಒಂದ್ ಸಲ ನೋಡು."

"ಜಾಗ ಸರಿ ಇಲ್ದಿದ್ರೆ ಸರಳಾ ಹೇಳ್ತಿರ್ಲಿಲ್ವಾ? ಎಲ್ಲಾ ಗಾಡೀನೂ ಅವಳು ಕೇಳಿ ಪಾಸ್ ಮಾಡಿರೋದು!" ಅಂದು ನನ್ನ ಮೇಲೇ ಹಾರಿದ.

ಮಾರನೆಯ ದಿನ ಸಂಗಮೇಶನ ಇನ್ನೊಂದು ಗಾಡಿ ಬಂತು. ಪರದೆ, ಮೈಕ್ ಇವನದು, ಸೀಟ್ ಕವರ್ ನನ್ನದು. ನಾನು ಮುಂದಿನ ಸೀಟಿನಲ್ಲಿ ಕೂತು ಕವರಿನ ಅಂಚು ಒಳಗೆ ತುರುಕುತ್ತಿದ್ದೆ. ಪಕ್ಕದಲ್ಲಿ ಇವನು ಪರದೆಯನ್ನು ಆಚೆಗೆಳೆದು, ಹಿಂದಿನ ವೈರುಗಳ ಜೊತೆ ಗುದ್ದಾಡುತ್ತಿದ್ದ. ನಡುವೆ ಒಂದು ಸಣ್ಣ ಪಿನ್ನನ್ನು ನನ್ನ ಕೈಗೆ ಕೊಟ್ಟು, "ಮೈಕಿನ ಪಿನ್ನು, ಒಂದ್ನಿಮಿಷ ಇಡ್ಕಳಿ ಅಣ್ಣ" ಅಂದ. ಅಷ್ಟರಲ್ಲಿ ಸಂಗಮೇಶನ ಫೋನ್ ಬಂತು, ಗಾಡಿ ಯಾವಾಗ ಕೊಡುತ್ತೀರಿ ಅಂತ. "ಆಯ್ತು ಸರ್, ಆಗೋಯ್ತು ಸರ್" ಅನ್ನುತ್ತಾ ಇವನು ಪರದೆಯನ್ನು ಸ್ವಲ್ಪ ಒಳಗೆ ತಳ್ಳಿ, ಸರಳಾಗೆ ಕಾಲ್ ಒತ್ತೇಬಿಟ್ಟ. ಅವಳ ಹೆಸರು ಪರದೆಯ ಮೇಲೆ ದೊಡ್ಡದಾಗಿ ಬಂತು.

"ಸರಳಾ, ಕೇಳಿಸ್ತಾ?"

"ಕೇಳಿಸ್ತು ರೀ, ಕ್ಲಿಯರ್ ಆಗೈತೆ" ಅಂದಳು. ಸುಬ್ರಮಣಿ ನನ್ನ ಕಡೆ ತಿರುಗಿ, ನೋಡಿದಿರಾ ಅನ್ನುವ ಹಾಗೆ ಹುಬ್ಬು ಹಾರಿಸಿದ.

ನಾನು ಕೈ ಬಿಚ್ಚಿ ತೋರಿಸಿದೆ. ಪಿನ್ನು ನನ್ನ ಅಂಗೈಯಲ್ಲೇ ಇತ್ತು. ಆ ಪರದೆಗೆ ಬೇರೆ ಮೈಕ್ ಇಲ್ಲ, ಇದೊಂದೇ ಗತಿ. ಅಂದರೆ ಇವನ ಬಾಯಿಂದ ಬಂದ ಒಂದಕ್ಷರವೂ ಆ ಕಡೆಗೆ ಹೋಗಿರಲಿಲ್ಲ.

ಅವನಿಗೆ ಮೊದಲು ನಗು ಬಂತು. ಆಮೇಲೆ ಮುಖದ ಬಣ್ಣ ಇಳಿಯಿತು. ಇನ್ನೊಂದು ಸಲ ಕಾಲ್ ಒತ್ತಿದ. ಈ ಸಲ ತುಟಿಯನ್ನೇ ಬಿಚ್ಚಲಿಲ್ಲ, ನಾನೂ ಉಸಿರು ಬಿಗಿಹಿಡಿದು ಕೂತೆ. ಆ ಕಡೆ ಫೋನ್ ಎತ್ತಿದ್ದು ಗೊತ್ತಾಯಿತು. ಒಂದು ಚೂರು ಹೊತ್ತು ಬಿಟ್ಟು, ಎಂದಿನ ದನಿಯಲ್ಲೇ, "ಹ್ಞೂಂ ರೀ, ಕೇಳಿಸ್ತು, ಕ್ಲಿಯರ್ ಆಗೈತೆ" ಅಂದು ಇಟ್ಟಳು.

"ಸುಳ್ಳಿ!" ಅಂದ ಸುಬ್ರಮಣಿ. "ಕಾಟಾಚಾರಕ್ಕೆ ಹೇಳ್ತಾವಳೆ ಅಣ್ಣ! ನಾನಿಲ್ಲಿ ಸಾಯ್ತಾ ಇದೀನಿ, ಇವಳು ಕೂತ್ಕೊಂಡು ನನ್ನ ಹೊಟ್ಟೆ ಮೇಲೆ ಹೊಡೀತಾವಳೆ!" ಎಂದವನೇ ಕಾರಿನ ಬಾಗಿಲನ್ನೂ ಹಾಕದೆ ಸ್ಕೂಟರ್ ಹತ್ತಿದ. ಈ ಸಿಟ್ಟಿನಲ್ಲಿ ಮನೆಗೆ ಹೋದರೆ ಏನು ಅನಾಹುತವೋ ಅಂತ ನಾನೂ ಹಿಂದೆ ಹತ್ತಿ ಕೂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಆ ಹೆಂಗಸು ಇಂಥವಳು ಅಂತ ಗೊತ್ತಿರಲಿಲ್ಲ ಅಂತ ದಾರಿಯುದ್ದಕ್ಕೂ ನನಗೂ ಸಿಟ್ಟೇ.

ಮನೆ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಸರಳಾ ಅಡುಗೆಮನೆಯಲ್ಲಿ ನಮಗೆ ಬೆನ್ನು ಹಾಕಿ ನೆಲದ ಮೇಲೆ ಕೂತು, ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. "ಏ ಸರಳಾ!" ಅಂತ ಸುಬ್ರಮಣಿ ಹಾಲಿನಿಂದಲೇ ಅಬ್ಬರಿಸಿದ. ಅವಳು ತಿರುಗಲಿಲ್ಲ. "ಕರೀತಾ ಇರೋದು ಗೊತ್ತಾಗಲ್ವಾ?" ಅಂತ ಕೈ ಬೀಸಿದ ರಭಸಕ್ಕೆ ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದು ಗಿರ್ರನೆ ಸುತ್ತಿತು. ನಾನು ಬೆಚ್ಚಿಬಿದ್ದೆ. ಎದುರು ಮನೆಯವರು ಬಾಗಿಲು ತೆರೆದು ಇಣುಕಿದರು. ಸರಳಾ ಅವರೆಕಾಳು ಹಿದುಕುತ್ತಲೇ ಇದ್ದಳು.

ನನಗೆ ಆಗ ಹೊಳೆಯಿತು. ಸುಬ್ರಮಣಿಗೂ ಹೊಳೆದಿರಬೇಕು, ಇದ್ದ ಜಾಗದಲ್ಲೇ ಕಂಬ ನಿಂತ ಹಾಗೆ ನಿಂತ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು ಅವಳಿಗೆ ಕಾಲ್ ಮಾಡಿದ. ಅವಳ ಪಕ್ಕದಲ್ಲಿದ್ದ ಫೋನ್ ರಿಂಗಾಯಿತು, ಜೊತೆಗೆ ಅದರ ಟಾರ್ಚು ಪಕಪಕ ಮಿನುಗಿತು. ಬೆಳಕು ಕಂಡಿದ್ದೇ ಅವಳು ಸೆರಗಿಗೆ ಕೈ ಒರೆಸಿಕೊಂಡು, ಪರದೆಯ ಮೇಲಿನ ಹೆಸರು ನೋಡಿ, ಫೋನ್ ಎತ್ತಿದಳು. "ಕೇಳಿಸ್ತು ರೀ, ಕ್ಲಿಯರ್ ಆಗೈತೆ" ಅಂದಳು.

ಅವಳ ಬೆನ್ನಿಗೆ ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದಾನೆ ಗಂಡ. ಅಯ್ಯೋ ದೇವರೇ, ಅದನ್ನು ನೋಡಿದ ನನ್ನ ಕಣ್ಣೇ ಉರಿಯಿತು.

ನೆರಳು ಕಂಡು ಅವಳು ತಿರುಗಿದಳು. ನಮ್ಮಿಬ್ಬರ ಮುಖ ನೋಡಿದಳು, ಗಂಡನ ಕೈಯಲ್ಲಿದ್ದ ಫೋನ್ ನೋಡಿದಳು. ಬಿಡಿಸಿ ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು.

"ಯಾವಾಗಿಂದ?" ಅಂದ ಸುಬ್ರಮಣಿ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು.

"ಎಡಗಿವಿ ಹೋಗಿ ಬಾಳ ದಿನ ಆಯ್ತು. ಬಲಗಡೆ ಈಗೀಗ ಹೋಯ್ತು. ಎದುರಿಗೆ ನಿಂತು ಮಾತಾಡಿದ್ರೆ ಗೊತ್ತಾಗುತ್ತೆ, ತುಟಿ ನೋಡ್ಕೊಂಡು."

"ಯಾಕೆ ಹೇಳ್ಲಿಲ್ಲ? ಯಾಕೆ ಮುಚ್ಚಿಟ್ಟೆ ನನ್ ಹತ್ರ?"

"ಯಾವಾಗ ಹೇಳ್ಲಿ?" ಅಂದಳು. ಆ ಹೆಂಗಸು ದನಿ ಏರಿಸಿ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. "ನಿಂತ್ಕೊಂಡೇ ಉಣ್ತೀರ. ಚಪ್ಪಲಿ ಹಾಕ್ಕೊಂಡೇ ಮಾತಾಡ್ತೀರ. ಬೆಳಿಗ್ಗೆಯಿಂದ ಸಾಯಂಕಾಲದ ತನಕ ಫೋನ್ ಮಾಡ್ತೀರ, ಅದರಲ್ಲಿ ಇರೋದು ಒಂದೇ ಮಾತು. ಅದಕ್ಕೆ ಉತ್ತರ ಹೇಳಕ್ಕೆ ಕಿವಿ ಯಾಕ್ರೀ ಬೇಕು? ಕೇಳಿಸ್ಲಿಲ್ಲ ಅಂದ್ರೆ ಗಿರಾಕಿ ಮುಂದೆ ನಿಮ್ಮ ಮರ್ಯಾದೆ ಹೋಗುತ್ತೆ, ಎಲ್ಲಾ ಮತ್ತೆ ಬಿಚ್ಚಿ ಒದ್ದಾಡ್ತೀರ ಅಂತ ಸುಮ್ನೆ ಹ್ಞೂಂ ಅಂತಿದ್ದೆ. ನೀವು ವಿಚಾರಿಸ್ತಿದ್ದಿದ್ದು ಮೈಕ್‌ನ. ನನ್ನ ಯಾವತ್ತು ವಿಚಾರಿಸಿದ್ರಿ?"

ನಾನು ಅಲ್ಲಿ ಇರಬಾರದು ಅನ್ನಿಸಿ ಮೆಟ್ಟಿಲಿಗೆ ಬಂದು ಕೂತೆ. ಆಮೇಲೆ ಅವನು ಹೊರಗೆ ಬಂದು, "ಅಣ್ಣ, ಇದನ್ನ ಯಾರ ಹತ್ರಾನೂ ಹೇಳ್ಬೇಡಿ ಅಂತಾವಳೆ. ಕಿವುಡಿ ಅಂತ ಆಡ್ಕೋತಾರೆ ಅಂತ ಭಯ" ಅಂದ. ಆಗಲಿ ಬಿಡು ಅಂತ ನಾನು ಸ್ಕೂಟರ್ ಕಡೆ ನಡೆದೆ.

ಅಂಗಡಿಗೆ ವಾಪಸ್ ಬಂದು ಪಿನ್ನು ಹಾಕಿ, ಕಾರಿನ ಎ.ಸಿ. ಚಾಲು ಮಾಡಿ, ಈ ಸಲ ನನ್ನ ಫೋನಿಗೆ ಕಾಲ್ ಮಾಡಿದ. ನಾನು ನನ್ನ ಮೆಷಿನ್ ಹತ್ತಿರ ನಿಂತು ಕೇಳಿದೆ. "ಬರೀ ಗಾಳಿ ಕಣೋ. ಬುಸ್ಸೋ ಅಂತೈತೆ. ನೀನು ಏನಂತೀಯೋ ಆ ಶಿವನಿಗೇ ಗೊತ್ತು" ಅಂದೆ. ಅಡಗಿಸಿ ಕೂರಿಸಿದ್ದ ಸಂದಿಯಲ್ಲಿ ಎ.ಸಿ. ಗಾಳಿ ನೇರ ಮೈಕಿಗೇ ಬಡಿಯುತ್ತಿತ್ತು. ಮೈಕನ್ನು ಕಿತ್ತು ಮೇಲೆ, ಬಿಸಿಲಿಗೆ ಅಡ್ಡ ಇಳಿಸುವ ಪಟ್ಟಿಯ ಹತ್ತಿರ ಕೂರಿಸಿದ. ಎದುರಿಗೆ ಕೂತು ಮಾತಾಡಿದ ಹಾಗೆ ಕೇಳಿಸಿತು.

ಸಂಗಮೇಶ ಬಂದಾಗ ನಾನೂ ಇದ್ದೆ. ತಪ್ಪಿಸಿಕೊಳ್ಳುವುದಕ್ಕೆ ಅವನೇ ದಾರಿ ಮಾಡಿಕೊಟ್ಟ. "ಮಾಲೇ ಖರಾಬ್ ಇತ್ತೇನ್ರೀ? ಹಂಗಿದ್ರ ಹೇಳ್ರಿ, ಕೊಟ್ಟವನನ್ನ ಹಿಡಿಯೂಣು" ಅಂದ. ರಿಯಾಜ್ ಮೇಲೆ ಹಾಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈ ದಂಧೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ.

"ಮಾಲು ಚೆನ್ನಾಗೈತೆ ಸರ್. ನಾನೇ ಜಾಗ ತಪ್ಪು ಮಾಡ್ದೆ. ಟೆಸ್ಟೂ ಸರಿಯಾಗಿ ಮಾಡ್ಲಿಲ್ಲ."

"ಇಷ್ಟೂ ಗಾಡಿ ಟೆಸ್ಟ್ ಮಾಡದ ಕೊಟ್ರ್ಯಾ?"

"ಹೌದು ಸರ್."

ಸಂಗಮೇಶ ಅವನನ್ನು ಮೇಲಿಂದ ಕೆಳಗೆ ನೋಡಿದ. ನನ್ನ ನಾಲಿಗೆಯ ತುದಿಗೆ ನಿಜ ಬಂದಿತ್ತು, ಸುಬ್ರಮಣಿ ಕಣ್ಣಲ್ಲೇ ಗದರಿದ, ನುಂಗಿಕೊಂಡೆ. ವಾಪಸ್ ಬಂದ ಗಾಡಿಗಳನ್ನೆಲ್ಲ ಪುಕ್ಕಟೆ ಸರಿಮಾಡಿಕೊಡುವುದು ಅಂತಾಯಿತು. ಉಳಿದವನ್ನು ಸಂಗಮೇಶ ಬೇರೆ ಕಡೆಗೆ ಕಳಿಸಿದ. ಆಡಿದ ಮಾತಿನಂತೆ ನಡೆದುಕೊಂಡ, ಅವನನ್ನು ಬೈದು ಪ್ರಯೋಜನವಿಲ್ಲ.

ಸುಬ್ರಮಣಿ ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೊದಲಿಗಿಂತ ಜಾಸ್ತಿ ತಿರುಗಾಡಿದ. ಆದರೆ ಚಡಪಡಿಕೆಯ ದಿಕ್ಕು ಬದಲಾಗಿತ್ತು. ಈಗಿನ ಕಿವಿಗೆ ಹಾಕುವ ಮೆಷಿನ್ನುಗಳು ಮೊಬೈಲಿಗೆ ಬ್ಲೂಟೂತಿನಲ್ಲಿ ಜೋಡಣೆಯಾಗುತ್ತವೆ ಅಂತ ಎಲ್ಲೋ ತಿಳಿದುಕೊಂಡು ಬಂದ. "ಕಾರಿಗೆ ಮಾಡೋದೇ ಅಣ್ಣ! ಫೋನ್ ಬಂದ್ರೆ ಸೀದಾ ಕಿವಿಯೊಳಗೇ. ಪೇರಿಂಗ್ ನಾನೇ ಮಾಡ್ತೀನಿ, ಯಾರೂ ಬೇಕಾಗಿಲ್ಲ" ಅಂತ ನನ್ನ ಮೆಷಿನ್ ಸುತ್ತ ತಿರುಗಿದ. ಅವತ್ತೇ ಕೊಂಡು, ಅವತ್ತೇ ಹಾಕಿ, ಸಂಜೆಯೊಳಗೆ ಎಲ್ಲವೂ ಮೊದಲಿನ ಹಾಗೆ ಆಗಿಬಿಡಬೇಕು ಅವನಿಗೆ. ಮೊದಲು ಕಿವಿ ಪರೀಕ್ಷೆ ಆಗಲಿ ಕಣೋ ಅಂತ ನಾನೇ ಹಿಡಿದು ನಿಲ್ಲಿಸಿದೆ.

ಆರ್.ಟಿ. ನಗರದ ಒಂದು ಕಿವಿ ಕ್ಲಿನಿಕ್ಕಿಗೆ ನನ್ನ ಹಳೆಯ ಮಾರುತಿಯಲ್ಲಿ ಹೊರಟೆವು. ನೀವೂ ಬನ್ನಿ ಅಣ್ಣ ಅಂತ ಅವನೇ ಅಂಗಲಾಚಿದ್ದ. ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನಂತೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಸ್ಟೀರಿಂಗ್ ಹಿಡಿದಿದ್ದ ಸುಬ್ರಮಣಿ ಗಾಜು ಇಳಿಸಿದ, ಏರಿಸಿದ, ಮುಂದಿನ ಬಸ್ಸಿನವನನ್ನು ಬೈದ. ಹಿಂದೆ ಕೂತಿದ್ದ ಸರಳಾ ಕಿಟಕಿಯ ಆಚೆ ಕೆರೆ ನೋಡುತ್ತಿದ್ದಳು. ಅಷ್ಟು ಹಾರ್ನುಗಳ ಮಧ್ಯೆ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕನ್ನಡಿಯಲ್ಲಿ ಅದನ್ನು ನೋಡಿದ ಮೇಲೆ ಅವನು ಬಸ್ಸಿನವನನ್ನು ಬೈಯುವುದು ನಿಲ್ಲಿಸಿದ.

ಕ್ಲಿನಿಕ್ಕಿನಲ್ಲಿ ಅಕ್ಷಯಾ ಅಂತ ಒಬ್ಬಳು ಹುಡುಗಿ ಪರೀಕ್ಷೆ ಮಾಡುವವಳು. ಸರಳಾಳನ್ನು ಗಾಜಿನ ಸಣ್ಣ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದಳು. ಅದಕ್ಕೂ ಮುಂಚೆ ಎದುರಿಗೆ ಬಗ್ಗಿ ನಿಂತು ನಿಧಾನವಾಗಿ ಹೇಳಿದಳು, "ಸೌಂಡ್ ಎಷ್ಟು ಸಣ್ಣಗೆ ಕೇಳಿಸಿದ್ರೂ ಕೈ ಎತ್ತಬೇಕು ಅಮ್ಮಾ." ಸರಳಾ ತಲೆಯಾಡಿಸಿದಳು. ಅಕ್ಷಯಾ ಹೊರಗೆ ಬಂದು ತನ್ನ ಯಂತ್ರದ ಮುಂದೆ ಕೂತಳು. ನಾವಿಬ್ಬರೂ ಅವಳ ಹಿಂದೆ ನಿಂತೆವು.

ಸರಳಾ ಗಾಜಿನ ಆಚೆಯಿಂದ ಗಂಡನನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೈ ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು.

"ನೋಡಿ ಅಣ್ಣ!" ಅಂತ ಸುಬ್ರಮಣಿ ನನ್ನ ತೋಳು ಹಿಡಿದು ಅಲ್ಲಾಡಿಸಿದ. "ಕೇಳಿಸ್ತೈತೆ! ಅವಳು ಅಂದ್ಕೊಂಡಷ್ಟು ಹೋಗಿಲ್ಲ ಅಣ್ಣ, ಸುಮ್ನೆ ಎದ್ರುಕೊಂಡವಳೆ!"

ಸರಳಾ ಅವನ ನಗು ನೋಡಿ ತಾನೂ ನಕ್ಕು, ಮೂರನೆಯ ಸಲ ಕೈ ಎತ್ತಿದಳು.

ಅಕ್ಷಯಾ ಕುರ್ಚಿಯಲ್ಲಿ ತಿರುಗಿ ನಮ್ಮನ್ನು ನೋಡಿದಳು. "ಸರ್, ನಾನಿನ್ನೂ ಸೌಂಡ್ ಹಾಕೇ ಇಲ್ಲ" ಅಂದಳು.

ಸುಬ್ರಮಣಿಯ ಕೈ ನನ್ನ ತೋಳಿನ ಮೇಲೆ ಹಾಗೇ ಉಳಿಯಿತು. ಆಮೇಲೆ ಅವನು ಗಾಜಿನ ಹತ್ತಿರ ಹೋಗಿ, ಅವಳಿಗೆ ಮುಖ ಪೂರ್ತಿ ಕಾಣುವ ಹಾಗೆ ಬಗ್ಗಿ ನಿಂತ. ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಆಡಿದ. ಅವನು ಅಷ್ಟು ನಿಧಾನವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಸರಳಾ. ಕೇಳಿಸ್ಲಿಲ್ಲ ಅಂದ್ರೆ ಕೈ ಎತ್ತಬೇಡ. ನನಗೋಸ್ಕರ ಎತ್ತಬೇಡ."

ಅವಳು ಅವನ ತುಟಿ ನೋಡುತ್ತಿದ್ದಳು. ಕಣ್ಣು ತುಂಬಿಕೊಂಡಿತು. ಎತ್ತಿದ್ದ ಕೈಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಅಕ್ಷಯಾ ಯಂತ್ರದ ಗುಂಡಿ ಒತ್ತಿದಳು, ಸದ್ದು ಒಂದಿಷ್ಟು ಏರಿಸಿ ಮತ್ತೆ ಒತ್ತಿದಳು, ಇನ್ನೂ ಏರಿಸಿ ಮತ್ತೆ ಒತ್ತಿದಳು. ಸರಳಾ ಕೈ ಎತ್ತಲಿಲ್ಲ.